20 ಪೌಂಡಿನ ಆಟಗಾರರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ 1961ರ ಜನವರಿಯವರೆಗೂ ಒಂದು ನಿಯಮ ಇತ್ತು. ಆಟಗಾರ ಎಷ್ಟೇ ದೊಡ್ಡವನಾಗಿರಲಿ, ವಾರಕ್ಕೆ 20 ಪೌಂಡಿಗಿಂತ ಒಂದು ಕಾಸೂ ಜಾಸ್ತಿ ಸಂಬಳ ಕೊಡುವ ಹಾಗಿರಲಿಲ್ಲ. ಬೇಸಿಗೆಯಲ್ಲಿ, ಪಂದ್ಯಗಳಿಲ್ಲದ ವಾರಗಳಲ್ಲಿ, ಅದು ಇನ್ನೂ ಕಡಿಮೆ. ಈ ಮಿತಿ ಶುರುವಾದದ್ದು 1901ರಲ್ಲಿ, 4 ಪೌಂಡಿನಿಂದ. ತೆವಳಿಕೊಂಡು ತೆವಳಿಕೊಂಡು 20ಕ್ಕೆ ಬರಲು ಅರ್ಧ ಶತಮಾನಕ್ಕೂ ಮೇಲೆ ಹಿಡಿಯಿತು.

ಆ ಕಾಲದ ಫುಟ್‌ಬಾಲ್ ಅಂದರೆ ಹಳಬರು ಈಗಲೂ ನಿಟ್ಟುಸಿರು ಬಿಡುತ್ತಾರೆ. ಆಗ ಆಟಗಾರರು ನಮ್ಮ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದರು, ನಮ್ಮ ಬೀದಿಯಲ್ಲೇ ಇರುತ್ತಿದ್ದರು, ಎಷ್ಟು ಸರಳ ಜನ ಅನ್ನುತ್ತಾರೆ. ಬಸ್ಸಿನಲ್ಲಿ ಬರುತ್ತಿದ್ದದ್ದೇನೋ ನಿಜ. ಕೈಯಲ್ಲಿ ದುಡ್ಡು ಇದ್ದಿದ್ದರೆ ಅವರೂ ಕಾರಿನಲ್ಲೇ ಬರುತ್ತಿದ್ದರು, ಅಲ್ವಾ?

ಹಾಗಂತ ಕ್ಲಬ್ಬುಗಳಲ್ಲಿ ದುಡ್ಡಿಗೆ ಬರ ಇರಲಿಲ್ಲ. ಯುದ್ಧ ಮುಗಿದಿತ್ತು, ಜನಕ್ಕೆ ಬೇರೆ ಮನರಂಜನೆ ಕಡಿಮೆ. 1948-49ರ ಒಂದೇ ಸೀಸನ್ನಿನಲ್ಲಿ ಲೀಗ್ ಪಂದ್ಯಗಳನ್ನು ನೋಡಿದವರ ಲೆಕ್ಕ 4 ಕೋಟಿ 12 ಲಕ್ಷ ದಾಟಿತ್ತು. ಶನಿವಾರ ಮಧ್ಯಾಹ್ನ ಗಿರಣಿ, ಗಣಿಗಳ ಪಾಳಿ ಮುಗಿಸಿ ಗಂಡಸರು ನೇರ ಮೈದಾನಕ್ಕೆ ಹೋಗುತ್ತಿದ್ದರು. ಮೂರು ಗಂಟೆಗೆ ಆಟ ಶುರು. ಹೆಚ್ಚಿನವರಿಗೆ ಕುರ್ಚಿ ಇಲ್ಲ, ಇಳಿಜಾರು ಮೆಟ್ಟಿಲ ಮೇಲೆ ಒತ್ತೊತ್ತಾಗಿ ನಿಲ್ಲಬೇಕು. ಚಿಕ್ಕ ಹುಡುಗರನ್ನು ತಲೆಗಳ ಮೇಲಿಂದಲೇ ಕೈಯಿಂದ ಕೈಗೆ ದಾಟಿಸಿ ಮುಂದಕ್ಕೆ ಕಳಿಸುತ್ತಿದ್ದರು. ಅರ್ಧ ಆಟದ ಹೊತ್ತಿಗೆ ಮೈದಾನದ ಅಂಚಿನ ಹಲಗೆಯಲ್ಲಿ ಎ, ಬಿ, ಸಿ ಅಕ್ಷರಗಳ ಮುಂದೆ ಬೇರೆ ಊರಿನ ಪಂದ್ಯಗಳ ಗೋಲಿನ ಅಂಕಿಗಳನ್ನು ತೂಗುಹಾಕುತ್ತಿದ್ದರು. ಯಾವ ಅಕ್ಷರ ಯಾವ ಪಂದ್ಯ ಅಂತ ತಿಳಿಯಬೇಕಾದರೆ ಕಾರ್ಯಕ್ರಮದ ಪುಸ್ತಿಕೆ ಕೊಳ್ಳಬೇಕು. ವ್ಯಾಪಾರದ ಬುದ್ಧಿ ಆಗಲೂ ಚೆನ್ನಾಗಿಯೇ ಇತ್ತು!

ರೇಡಿಯೊ ಬಗ್ಗೆ ಒಂದು ಮಾತು ಹೇಳದಿದ್ದರೆ ಇಲ್ಲಿ ಕೂತು ನ್ಯಾಯ ಅಲ್ಲ. ಬಿಬಿಸಿ ಮೊದಲ ಲೀಗ್ ಪಂದ್ಯದ ವೀಕ್ಷಕ ವಿವರಣೆ ಕೊಟ್ಟದ್ದು 1927ರ ಜನವರಿಯಲ್ಲಿ, ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನದು. ಕೇಳುಗರಿಗೆ ಚೆಂಡು ಎಲ್ಲಿದೆ ಅಂತ ಗೊತ್ತಾಗಲಿ ಎಂದು ಮೈದಾನವನ್ನು ಚೌಕಗಳಾಗಿ ಭಾಗ ಮಾಡಿದ ನಕ್ಷೆಯನ್ನು ಮೊದಲೇ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಒಬ್ಬರು ಆಟ ವರ್ಣಿಸುವುದು, ಪಕ್ಕದಲ್ಲಿ ಇನ್ನೊಬ್ಬರು ಚೌಕದ ನಂಬರು ಕೂಗುವುದು. 1948ರಿಂದ ಶನಿವಾರ ಸಂಜೆ ಕ್ರೀಡಾ ವರದಿಯೂ ಬರತೊಡಗಿತು. ಪೂಲ್ಸ್ ಎಂಬ ಅಂಚೆ ಜೂಜಿನ ಚೀಟಿ ತುಂಬಿದ್ದವರು ಪೆನ್ಸಿಲ್ ಹಿಡಿದು ಫಲಿತಾಂಶ ಕೇಳಲು ಕೂರುತ್ತಿದ್ದರು. ವಾರಕ್ಕೊಮ್ಮೆಯಾದರೂ ಮನೆ ಮಂದಿಯೆಲ್ಲ ಗಪ್‌ಚುಪ್.

ಅಷ್ಟು ಜನ ಕೊಟ್ಟ ದುಡ್ಡು ಆಟಗಾರನಿಗೂ ಹೋಗಲಿಲ್ಲ, ಜನ ನಿಲ್ಲುವ ಜಾಗಕ್ಕೂ ಸರಿಯಾಗಿ ಹೋಗಲಿಲ್ಲ. 1946ರ ಮಾರ್ಚ್ 9ರಂದು ಬೋಲ್ಟನ್ ಊರಿನ ಬರ್ನ್‌ಡನ್ ಪಾರ್ಕಿನಲ್ಲಿ ನೂಕುನುಗ್ಗಲಾಗಿ 33 ಜನ ಸತ್ತರು. ಶವಗಳನ್ನು ಮೈದಾನದ ಅಂಚಿನಲ್ಲಿ ಮಲಗಿಸಿ, ಮರದ ಹೊಟ್ಟಿನಿಂದ ಹೊಸ ಗೆರೆ ಎಳೆದು, ಆಟ ಮುಂದುವರಿಸಿದರು. ಹೊಗಳುವವರು ಈ ಶನಿವಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅವತ್ತು ಎದುರಾಳಿ ಸ್ಟೋಕ್ ತಂಡದಲ್ಲಿ ಆಡುತ್ತಿದ್ದವರಲ್ಲಿ ಸ್ಟಾನ್ಲಿ ಮ್ಯಾಥ್ಯೂಸ್ ಒಬ್ಬರು. ಕ್ಷೌರಿಕರ ಮಗ. ಬಲ ಅಂಚಿನ ಆಟಗಾರ. ಅವರ ಆಟದಲ್ಲಿ ಇದ್ದದ್ದು ಒಂದೇ ಪಟ್ಟು, ಅದು ಇಡೀ ದೇಶಕ್ಕೇ ಗೊತ್ತಿತ್ತು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೆಲ್ಲಗೆ ರಕ್ಷಕನ ಹತ್ತಿರಕ್ಕೇ ಹೋಗುವುದು. ಮೈಯನ್ನು ಎಡಕ್ಕೆ ವಾಲಿಸುವುದು. ಅವನೂ ಆ ಕಡೆ ವಾಲಿದ ಅನ್ನುವಷ್ಟರಲ್ಲಿ ಚೆಂಡನ್ನು ಬಲಕ್ಕೆ ತಳ್ಳಿ ಒಂದೇ ಓಟ. ಮೊದಲ ಹತ್ತು ಗಜದಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಎಲ್ಲರೂ ಮೋಸ ಹೋಗುತ್ತಿದ್ದರು.

1953ರ ಮೇ 2, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಎಫ್‌ಎ ಕಪ್ ಫೈನಲ್. ಎಫ್‌ಎ ಕಪ್ ಅಂದರೆ ಸೋತವರು ಹೊರಬೀಳುವ ಪಂದ್ಯಾವಳಿ. ಮ್ಯಾಥ್ಯೂಸ್ ಈಗ ಬ್ಲ್ಯಾಕ್‌ಪೂಲ್ ತಂಡದಲ್ಲಿ, ವಯಸ್ಸು 38. ಅದಕ್ಕೆ ಮುಂಚೆ ಎರಡು ಫೈನಲ್ ಸೋತಿದ್ದರು. ಎದುರಿಗೆ ಅದೇ ಬೋಲ್ಟನ್. ಆಗ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಇಲ್ಲ. ಬೋಲ್ಟನ್ನಿನ ಎರಿಕ್ ಬೆಲ್ ತೊಡೆಯ ಸ್ನಾಯು ಹರಿದುಕೊಂಡು ಕುಂಟುತ್ತಲೇ ಇದ್ದರು. ಆ ಕುಂಟುಕಾಲಿನಲ್ಲೇ ಎಗರಿ ತಲೆಯಿಂದ ಗೋಲು ಹೊಡೆದರು, ಬೋಲ್ಟನ್ 3-1. ಆಮೇಲೆ ಮ್ಯಾಥ್ಯೂಸ್ ಎದುರು ನಿಂತಿದ್ದ ರಾಲ್ಫ್ ಬ್ಯಾಂಕ್ಸ್‌ಗೆ ಕಾಲು ಹಿಡಿದುಕೊಂಡಿತು. ಬೋಲ್ಟನ್ನಿನ ಎಡಭಾಗ ಪೂರ್ತಿ ಸಡಿಲ. ಬ್ಲ್ಯಾಕ್‌ಪೂಲ್‌ನವರು ಚೆಂಡನ್ನೆಲ್ಲ ಮ್ಯಾಥ್ಯೂಸ್‌ಗೇ ಕೊಡತೊಡಗಿದರು. ಸ್ಟಾನ್ ಮಾರ್ಟೆನ್ಸನ್ ಮೂರನೇ ಗೋಲು ಹೊಡೆದು ಸಮ ಮಾಡಿದಾಗ ಆಟ ಮುಗಿಯಲು ಒಂದೆರಡು ನಿಮಿಷ. ಕೊನೆಗೆ ಮ್ಯಾಥ್ಯೂಸ್ ಅಂಚಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಬಿಲ್ ಪೆರ್ರಿ ಒಳಗೆ ಕಳಿಸಿದರು. 4-3. ಮೂರು ಗೋಲು ಹೊಡೆದದ್ದು ಮಾರ್ಟೆನ್ಸನ್, ಆದರೆ ಜನರ ಬಾಯಲ್ಲಿ ಅದು ಮ್ಯಾಥ್ಯೂಸ್ ಫೈನಲ್. ನನಗಂತೂ ಪಾಪ ಅನ್ನಿಸುವುದು ರಾಲ್ಫ್ ಬ್ಯಾಂಕ್ಸ್ ಬಗ್ಗೆ.

ಈ ರಾಲ್ಫ್‌ಗೆ ಟಾಮಿ ಅಂತ ತಮ್ಮ ಇದ್ದರು, ಅವರೂ ಬೋಲ್ಟನ್ ಆಟಗಾರ. ಅವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಟಾಮ್ ಫಿನ್ನಿ.

ಫಿನ್ನಿ ಪ್ರೆಸ್ಟನ್ ಊರಿನವರು, ಕಸುಬಿನಲ್ಲಿ ಪ್ಲಂಬರ್. ಇಂಗ್ಲೆಂಡ್ ಪರ 76 ಪಂದ್ಯ, 30 ಗೋಲು. ಮ್ಯಾಥ್ಯೂಸ್‌ಗಿಂತ ಅವರೇ ಮೇಲು ಅನ್ನುವವರು ಆಗಲೂ ಇದ್ದರು, ನಾನೂ ಆ ಗುಂಪಿನವನೇ. ಎರಡೂ ಕಾಲು, ಎರಡೂ ಅಂಚು, ನಡುವೆಯೂ ಸೈ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಅವರನ್ನು ಕರೆಯಿತು. ಸಹಿ ಹಾಕಿದರೆ 10,000 ಪೌಂಡ್, ತಿಂಗಳ ಸಂಬಳ ಬೇರೆ, ಮನೆ, ಕಾರು. ಪ್ರೆಸ್ಟನ್ ಕ್ಲಬ್ಬಿನ ಅಧ್ಯಕ್ಷರು ಸುತಾರಾಂ ಒಪ್ಪಲಿಲ್ಲ. ನಮಗೆ ಆಡದಿದ್ದರೆ ಯಾರಿಗೂ ಆಡುವಂತಿಲ್ಲ ಅಂದುಬಿಟ್ಟರು. ಅದು ಸುಮ್ನೆ ಬೆದರಿಕೆ ಅಲ್ಲ, ಕಾಯಿದೆಯೇ ಹಾಗಿತ್ತು. ಒಪ್ಪಂದ ಮುಗಿದರೂ ಕ್ಲಬ್ಬು ಬಿಡದಿದ್ದರೆ ಆಟಗಾರ ಬೇರೆಡೆ ಹೋಗುವಂತಿಲ್ಲ. ಮಾರಿದರೆ ಹಣ ಕ್ಲಬ್ಬಿಗೆ. ಇಂಗ್ಲೆಂಡಿನೊಳಗೆ ಕ್ಲಬ್ ಬದಲಾಯಿಸಿದವನಿಗೆ ಸಿಗುತ್ತಿದ್ದದ್ದು 10 ಪೌಂಡ್. ಫಿನ್ನಿ ಪ್ರೆಸ್ಟನ್ನಿನಲ್ಲೇ ಉಳಿದು ಆಡಿದರು, ಪ್ಲಂಬಿಂಗ್ ವ್ಯವಹಾರವನ್ನೂ ನೋಡಿಕೊಂಡರು. ಅದನ್ನು ನಿಷ್ಠೆ ಎಂದು ಹೊಗಳುತ್ತಾರೆ. ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಿ ಒಳಗಿದ್ದವನ ನಿಷ್ಠೆಯನ್ನು ಹೊಗಳುವುದು ಹೇಗೆ?

ಈ ಬೀಗ ಒಡೆಯಲು ಹೊರಟವರು ಜಿಮ್ಮಿ ಹಿಲ್. ಫುಲಮ್ ಕ್ಲಬ್ಬಿನ ಗಡ್ಡದ ಆಟಗಾರ, ಆಟಗಾರರ ಸಂಘದ ಅಧ್ಯಕ್ಷ. ಮಿತಿ ತೆಗೆಯದಿದ್ದರೆ ಮುಷ್ಕರ ಎಂದು ಊರೂರಲ್ಲಿ ಸಭೆ ಮಾಡಿದರು. ಮ್ಯಾಂಚೆಸ್ಟರ್ ಸಭೆಯಲ್ಲಿ ಒಬ್ಬ ಸಣ್ಣ ಕ್ಲಬ್ಬಿನ ಹುಡುಗ ಎದ್ದು, ನಮ್ಮಪ್ಪ ಗಣಿಯಲ್ಲಿ ದುಡಿಯುತ್ತಾರೆ, ಅವರಿಗಿಂತ ನನಗೇ ಜಾಸ್ತಿ ಸಿಗುತ್ತಿದೆ, ಇನ್ನೇನು ಬೇಕು ಅಂದನಂತೆ. ಆಗ ಎದ್ದವರು ನಮ್ಮ ಟಾಮಿ ಬ್ಯಾಂಕ್ಸ್. ನಿಮ್ಮಪ್ಪನ ಕೆಲಸ ನಾನು ಮಾಡುತ್ತೇನೆ, ಶನಿವಾರ ಮೂರು ಗಂಟೆಗೆ ಮೂವತ್ತು ಸಾವಿರ ಜನರ ಮುಂದೆ ಈ ಮ್ಯಾಥ್ಯೂಸ್‌ರನ್ನು ತಡೆಯಲು ನಿಮ್ಮಪ್ಪ ಬರಲಿ ಅಂದರಂತೆ. ಮ್ಯಾಥ್ಯೂಸ್ ಅಲ್ಲೇ ಕೂತಿದ್ದರಂತೆ. ಅಣ್ಣನಿಗೆ ಆದದ್ದನ್ನು ನೆನೆದರೆ ಆ ಮಾತಿಗೆ ಇನ್ನೂ ತೂಕ.

1961ರ ಜನವರಿಯಲ್ಲಿ, ಮುಷ್ಕರಕ್ಕೆ ಇನ್ನು ಕೆಲವೇ ದಿನ ಅನ್ನುವಾಗ, ಮಿತಿ ಹೋಯಿತು. ಫುಲಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಆಯಿತು. ಕ್ಲಬ್ಬಿನ ಅಧ್ಯಕ್ಷರು ಹಾಸ್ಯ ಕಲಾವಿದರು, ನಿಯಮ ಇಲ್ಲದಿದ್ದರೆ ಹೇನ್ಸ್‌ಗೆ ನೂರು ಕೊಡುತ್ತಿದ್ದೆ ಅಂತ ಮೊದಲೇ ಹೇಳಿಕೊಂಡಿದ್ದರು. ಈಗ ಮಾತು ಉಳಿಸಿಕೊಳ್ಳಲೇಬೇಕಾಯಿತು.

ಕ್ಲಬ್ಬಿಗೆ ಕಟ್ಟಿಹಾಕುವ ಕಾಯಿದೆ ಮಾತ್ರ ಇನ್ನೂ ಉಳಿದಿತ್ತು. ಅದನ್ನು ಕೋರ್ಟಿಗೆ ಎಳೆದವರು ಜಾರ್ಜ್ ಈಸ್ಟಮ್. ನ್ಯೂಕಾಸಲ್ ಕ್ಲಬ್ ಬಿಡದಿದ್ದಾಗ ಅವರು ಫುಟ್‌ಬಾಲನ್ನೇ ನಿಲ್ಲಿಸಿ, ಗೆಳೆಯರೊಬ್ಬರ ಬಳಿ ಬಿರಡೆ ಮಾರುವ ಕೆಲಸಕ್ಕೆ ಸೇರಿದ್ದರು. ಕೊನೆಗೆ ಆರ್ಸೆನಲ್‌ಗೆ ಹೋದರೂ ಮೊಕದ್ದಮೆ ಬಿಡಲಿಲ್ಲ. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಈ ಪದ್ಧತಿ ಒಬ್ಬನ ದುಡಿಮೆಯ ಹಕ್ಕಿಗೆ ಅನ್ಯಾಯದ ತಡೆ ಎಂದು ತೀರ್ಪು ಕೊಟ್ಟರು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಎಲ್ಲರಿಗೂ ಒಂದೇ ಸಂಬಳ ಇದ್ದಾಗ ಬ್ಲ್ಯಾಕ್‌ಪೂಲ್, ಬೋಲ್ಟನ್, ಪ್ರೆಸ್ಟನ್‌ನಂಥ ಊರುಗಳು ದೊಡ್ಡ ಆಟಗಾರರನ್ನು ಉಳಿಸಿಕೊಳ್ಳಬಹುದಿತ್ತು. ಆಮೇಲೆ ಆಗಲಿಲ್ಲ. ಬೋಲ್ಟನ್ 1964ರಲ್ಲಿ, ಬ್ಲ್ಯಾಕ್‌ಪೂಲ್ 1967ರಲ್ಲಿ ಎರಡನೇ ಡಿವಿಜನ್‌ಗೆ ಇಳಿದವು. ಪ್ರೆಸ್ಟನ್ 1961ರಲ್ಲೇ ಇಳಿದಿತ್ತು, ಮೇಲಿನ ಡಿವಿಜನ್‌ಗೆ ಮತ್ತೆ ಬಂದಿಲ್ಲ. ಅದನ್ನೂ ಕೆಲವರು ಸಂಬಳದ ಲೆಕ್ಕಕ್ಕೇ ಬರೆಯುತ್ತಾರೆ. ನಾನು ಹಾಗೆ ಬರೆಯಲಾರೆ. ಮಿತಿ ಹೋದದ್ದು ಆ ಸೀಸನ್ನಿನ ನಡುವೆ. ಫಿನ್ನಿ ಆಟದಿಂದ ನಿವೃತ್ತರಾದದ್ದು ಅದಕ್ಕೂ ಮುಂಚೆ, 1960ರಲ್ಲಿ. ಜಾಸ್ತಿ ಸಂಬಳದ ಒಂದು ವಾರವನ್ನೂ ಅವರು ನೋಡಲಿಲ್ಲ.

ನಮಸ್ಕಾರ.