ಬೇಸ್‌ಬಾಲ್ ಆಡಲು ಊರೂರು ಸುತ್ತುವ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಎಂಟು ವರ್ಷದೊಳಗಿನ ಮಕ್ಕಳ ಬೇಸ್‌ಬಾಲ್ ತಂಡಗಳಿಗೂ ರಾಷ್ಟ್ರಮಟ್ಟದ ರ‍್ಯಾಂಕಿಂಗ್ ಇದೆ. ಇಡೀ ದೇಶದಲ್ಲಿ ನಮ್ಮ ತಂಡ ಎಷ್ಟನೇದು ಅಂತ ಅಪ್ಪ ಅಮ್ಮ ಫೋನಿನಲ್ಲೇ ನೋಡಿಕೊಳ್ಳಬಹುದು. ಇದರಲ್ಲಿ ತಮಾಷೆ ಏನು ಗೊತ್ತಾ? ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಚೆಂಡನ್ನು ನೆಟ್ಟಗೆ ಎಸೆಯಲು ಇನ್ನೂ ಬರುವುದಿಲ್ಲ. ಅದಕ್ಕೇ ಬ್ಯಾಟ್ ಹಿಡಿದ ಹುಡುಗನಿಗೆ ಸಾಮಾನ್ಯವಾಗಿ ಅವನದೇ ತಂಡದ ಕೋಚ್ ಚೆಂಡು ಎಸೆಯುತ್ತಾರೆ, ಇಲ್ಲವೇ ಒಂದು ಮೆಷಿನ್ ಇಟ್ಟಿರುತ್ತಾರೆ. ಎಸೆಯುವುದು ಮೆಷಿನ್ನು, ರ‍್ಯಾಂಕು ಮಕ್ಕಳಿಗೆ!

ಇದಕ್ಕೆ ಅಲ್ಲಿ ಟ್ರಾವೆಲ್ ಬಾಲ್ ಅಂತಾರೆ. ಅಕ್ಕಪಕ್ಕದ ಬೀದಿಯ ಮಕ್ಕಳು ಊರಿನ ಪಾರ್ಕಿನಲ್ಲಿ ಸೇರಿ ಆಡುವ ಲೀಗ್ ಅಲ್ಲ ಇದು. ತಂಡಕ್ಕೆ ಸೇರಲು ಟ್ರೈಔಟ್ ಇರುತ್ತದೆ, ಅಂದರೆ ಆಯ್ಕೆ. ಆಯ್ಕೆಯಾದ ಮಕ್ಕಳ ಮನೆಯವರು ಸೀಸನ್ನಿಗೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ. ಆಮೇಲೆ ಶನಿವಾರ ಬಂತು ಅಂದರೆ ಸಾಕು, ಹೊರಡುವುದೇ. ಕಾರಿನಲ್ಲಿ ಎರಡು ಗಂಟೆಯೋ ನಾಲ್ಕು ಗಂಟೆಯೋ ಪ್ರಯಾಣ, ರಾತ್ರಿ ಹೋಟೆಲ್, ಎರಡು ದಿನದಲ್ಲಿ ನಾಲ್ಕೈದು ಮ್ಯಾಚ್. ಭಾನುವಾರ ಕತ್ತಲಾದ ಮೇಲೆ ಮನೆ. ಸೋಮವಾರ ಬೆಳಿಗ್ಗೆ ಸ್ಕೂಲು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಮಕ್ಕಳನ್ನು ಆಟಕ್ಕೆ ಬೇರೆ ಊರಿಗೆ ಕರೆದುಕೊಂಡು ಹೋಗುವುದು ನನಗೇನೂ ಹೊಸದಲ್ಲ. ಖೋ ಖೋ ತಂಡ ಕಟ್ಟಿಕೊಂಡು ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಕೆಂಪು ಬಸ್ಸಿನಲ್ಲಿ ಓಡಾಡಿದ್ದೇನೆ. ಆದರೆ ನಮ್ಮಲ್ಲಿ ಗೆದ್ದವರು ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿ ದುಡ್ಡು ಕಟ್ಟಿದವರು ಹೋಗುತ್ತಾರೆ.

ಮೊದಲು ಅಲ್ಲೂ ಹೀಗಿರಲಿಲ್ಲ. 1939ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ ಚಿಕ್ಕ ಹುಡುಗರಿಗಾಗಿ ಮೂರು ತಂಡ ಕಟ್ಟಿದ. ಬೇಸ್ ಅಂದರೆ ಬ್ಯಾಟ್ ಬೀಸಿದವನು ಓಡಿ ಮುಟ್ಟಬೇಕಾದ ಗುರುತು. ದೊಡ್ಡವರ ಬೇಸ್‌ಬಾಲ್‌ನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಮಕ್ಕಳ ಕಾಲಿಗೆ ಅದು ಜಾಸ್ತಿ ಅಂತ 60 ಅಡಿಗೆ ಇಳಿಸಿದ. ಹಾಲಿನ ಡೈರಿ, ಮರದ ಮಂಡಿ, ತಿಂಡಿ ಕಂಪನಿ, ಹೀಗೆ ಊರಿನ ವ್ಯಾಪಾರಸ್ಥರೇ ತಂಡಗಳ ಖರ್ಚಿಗೆ ನೆರವಾದರು. ಮೊದಲ ಪಂದ್ಯದಲ್ಲಿ ಮರದ ಮಂಡಿ ತಂಡ ಡೈರಿ ತಂಡವನ್ನು 23-8ರಿಂದ ಸೋಲಿಸಿತು. ಚಿಕ್ಕ ಮಕ್ಕಳ ಆಟ, ಸ್ಕೋರು ಹಾಗೆಯೇ ಇರುತ್ತದೆ. ಅದೇ ಲಿಟಲ್ ಲೀಗ್ ಆಗಿ ಬೆಳೆದು ಇಡೀ ದೇಶ ಹಬ್ಬಿತು, ಆಮೇಲೆ ಹೊರದೇಶಗಳಿಗೂ ಹೋಯಿತು.

ಲಿಟಲ್ ಲೀಗಿನ ಎರಡು ನಿಯಮ ನನಗೆ ಬಹಳ ಹಿಡಿಸಿದವು. ಒಂದು, ಪ್ರತಿ ಲೀಗಿಗೂ ಗಡಿ ಇದೆ. ಆ ಗಡಿಯೊಳಗೆ ಮನೆ ಇರಬೇಕು, ಇಲ್ಲವೇ ಅಲ್ಲಿ ಸ್ಕೂಲಿಗೆ ಹೋಗುತ್ತಿರಬೇಕು. ಚೆನ್ನಾಗಿ ಆಡುತ್ತಾನೆ ಅಂತ ಬೇರೆ ಊರಿನ ಹುಡುಗನನ್ನು ತಂದು ಸೇರಿಸಿಕೊಳ್ಳುವ ಹಾಗಿಲ್ಲ. ಇನ್ನೊಂದು, ತಂಡದ ಪ್ರತಿ ಮಗುವಿಗೂ ಮ್ಯಾಚಿನಲ್ಲಿ ಒಂದು ಸಲವಾದರೂ ಬ್ಯಾಟಿಂಗ್ ಸಿಗಬೇಕು, ಸ್ವಲ್ಪ ಹೊತ್ತು ಫೀಲ್ಡಿಂಗ್‌ಗೂ ಇಳಿಸಬೇಕು. ಆಟ ಬರದವನಿಗೂ ಸರದಿ ಇದ್ದೇ ಇದೆ. ಅಂದಹಾಗೆ, ಈ ಲೀಗ್ ಕಟ್ಟಿದ ಸ್ಟಾಟ್ಜ್ 1950ರ ದಶಕದ ನಡುವೆ ತನ್ನದೇ ಸಂಸ್ಥೆಯಿಂದ ಹೊರಬಂದ. ಮಕ್ಕಳ ಆಟ ವ್ಯಾಪಾರವಾಗುತ್ತಿದೆ ಎಂಬುದು ಅವನ ದೂರು. ಈಗಿನದನ್ನು ನೋಡಿದ್ದರೆ ಏನನ್ನುತ್ತಿದ್ದನೋ!

ಗಾಳಿ ಬದಲಾದದ್ದು 1990ರ ದಶಕದಲ್ಲಿ. 1995ರಲ್ಲಿ ಅಯೋವಾ ರಾಜ್ಯದಲ್ಲಿ ಪರ್ಫೆಕ್ಟ್ ಗೇಮ್ ಎಂಬ ಕಂಪನಿ ಶುರುವಾಯಿತು. ಹುಡುಗರ ಆಟವನ್ನು ಕಾಲೇಜು ಕೋಚುಗಳ ಕಣ್ಣಿಗೆ ಬೀಳಿಸುವುದು, ಆಟಗಾರರಿಗೆ ರ‍್ಯಾಂಕ್ ಕೊಡುವುದು ಅದರ ಕೆಲಸ. ಮರುವರ್ಷ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನ ಹತ್ತಿರ ಡ್ರೀಮ್ಸ್ ಪಾರ್ಕ್ ಬಂತು. ಬೇಸ್‌ಬಾಲ್ ದಿಗ್ಗಜರ ಮ್ಯೂಸಿಯಂ ಇರುವ ಊರು ಅದು. ಬೇಸಿಗೆಯಲ್ಲಿ ವಾರಕ್ಕೆ ನೂರಕ್ಕೂ ಜಾಸ್ತಿ ತಂಡಗಳು ಬಂದು ಅಲ್ಲಿನ ಬ್ಯಾರಕ್‌ಗಳಲ್ಲಿ ಉಳಿದು ಆಡುತ್ತವೆ. ಎಲ್ಲರೂ ಹನ್ನೆರಡರ ಆಸುಪಾಸಿನ ಹುಡುಗರು. ತಲೆಗೆ ಸಾವಿರ ಡಾಲರಿಗೂ ಮೇಲೆ. 1997ರಲ್ಲಿ ಡಿಸ್ನಿಯವರೂ ಫ್ಲಾರಿಡಾದಲ್ಲಿ ಕ್ರೀಡಾ ಸಂಕೀರ್ಣ ತೆರೆದರು. ಮೂರು ವರ್ಷ, ಮೂರು ಬಾಗಿಲು.

ಸರಿ, ಬಾಗಿಲು ತೆರೆದರು. ಅಪ್ಪ ಅಮ್ಮ ಯಾಕೆ ನುಗ್ಗಿದರು? ದುರಾಸೆ, ಹುಚ್ಚು ಅಂತ ಹೇಳಿಬಿಡುವುದು ಸುಲಭ. ಅಲ್ಲಿನ ಪತ್ರಿಕೆಗಳಲ್ಲೂ ಹಾಗೇ ಬೈಯುವವರಿದ್ದಾರೆ. ನನಗೆ ಕಂಡದ್ದು ಆಸೆಗಿಂತ ಜಾಸ್ತಿ ಭಯ. ನಮ್ಮ ಹಳ್ಳಿಯ ಸರ್ಕಾರಿ ಶಾಲೆಗೆ ಆದದ್ದೇ ಅಲ್ಲಿನ ಪಾರ್ಕಿಗೂ ಆಗಿದೆ. ಮೊದಲು ಊರಿನ ಅನುಕೂಲಸ್ಥರ ನಾಲ್ಕು ಮಕ್ಕಳು ವ್ಯಾನ್ ಹತ್ತಿ ಟೌನಿನ ಕಾನ್ವೆಂಟಿಗೆ ಹೋದರು. ತರಗತಿ ಸ್ವಲ್ಪ ಖಾಲಿಯಾಯಿತು. ಅದನ್ನು ನೋಡಿ ಇನ್ನು ಎಂಟು ಮನೆಯವರಿಗೆ ದಿಗಿಲಾಯಿತು. ಕೊನೆಗೆ ಈ ಶಾಲೆಯೇ ಚೆನ್ನಾಗಿದೆ ಅನ್ನುತ್ತಿದ್ದವರೂ ವ್ಯಾನ್ ಹತ್ತಿಸಿದರು. ಲಿಟಲ್ ಲೀಗಿನಲ್ಲೂ ಹಾಗೇ. ಚೆನ್ನಾಗಿ ಚೆಂಡು ಎಸೆಯುವ ಇಬ್ಬರು ಹುಡುಗರು ಟ್ರಾವೆಲ್ ತಂಡಕ್ಕೆ ಹೋದರೆ ಊರಿನ ಆಟ ಸಪ್ಪೆಯಾಗುತ್ತದೆ. ಉಳಿದವರು ಎಸೆದದ್ದೆಲ್ಲ ಅಡ್ಡಾದಿಡ್ಡಿ. ಬ್ಯಾಟ್ ಬೀಸಲು ಒಂದು ಒಳ್ಳೆ ಚೆಂಡೂ ಸಿಗದೆ ಮಕ್ಕಳು ಸುಮ್ನೆ ನಿಂತಿರುತ್ತಾರೆ. ಆಮೇಲೆ ಮೂರನೆಯವನ ಅಪ್ಪ ಯೋಚಿಸುತ್ತಾನೆ. ಊರಿನ ತಂಡ ಖಾಲಿಯಾಗುವುದು ಹೀಗೆ.

ಡಲ್ಲಾಸ್ ನಗರದ ಹತ್ತಿರ ನನ್ನ ತಂಗಿಯ ಮಗ ಇದ್ದಾನೆ. ಸಾಫ್ಟ್‌ವೇರ್ ಕೆಲಸ. ಮಗನಿಗೆ ಒಂಬತ್ತು ವರ್ಷ. ನಾವು ಗಂಡ ಹೆಂಡತಿ ಹೋಗಿದ್ದಾಗ ಒಂದು ಟೂರ್ನಮೆಂಟಿಗೆ ಕರೆದುಕೊಂಡು ಹೋದ. ಬೆಳಗಿನ ಜಾವ ಎದ್ದು ಹೊರಟೆವು. ಗೇಟಿನಲ್ಲಿ ನಮಗೆಲ್ಲ ಟಿಕೆಟ್. ಮೊಮ್ಮಗ ಆಡುವುದನ್ನು ನೋಡಲು ಅಜ್ಜನೂ ದುಡ್ಡು ಕೊಡಬೇಕು! ಒಳಗೆ ಸಾಲಾಗಿ ಮೈದಾನಗಳು, ಒಂದಕ್ಕಿಂತ ಒಂದು ಅಚ್ಚುಕಟ್ಟು. ಅಂಥ ಒಂದೇ ಒಂದು ಮೈದಾನ ನನ್ನ ಸ್ಕೂಲಿಗೆ ಇದ್ದಿದ್ದರೆ ಅಂತ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪಂದಿರು ಎಳೆಯುವ ಗಾಡಿಗಳಲ್ಲಿ ಟೆಂಟು, ಕುರ್ಚಿ, ಐಸ್ ಪೆಟ್ಟಿಗೆ. ನಮ್ಮ ಪೆಟ್ಟಿಗೆಯಲ್ಲಿ ಮೊಸರನ್ನ. ಮಕ್ಕಳ ಕೆನ್ನೆಗೆ ಕಣ್ಣಿನ ಕೆಳಗೆ ಕಪ್ಪು ಪಟ್ಟಿ, ಬಿಸಿಲು ಹೊಡೆಯದಿರಲಿ ಅಂತ ದೊಡ್ಡ ಆಟಗಾರರು ಬಳಿದುಕೊಳ್ಳುತ್ತಾರಲ್ಲ, ಅದು. ಬೇಲಿಗೆ ಸಾಲಾಗಿ ಚೀಲ ನೇತುಹಾಕಿದ್ದರು. ಪ್ರತಿ ಚೀಲದಲ್ಲೂ ಎರಡು ಬ್ಯಾಟ್ ಇಣುಕುತ್ತಿದ್ದವು. ಒಂದರ ಬೆಲೆ ಕೇಳಿದೆ. ನಾನೂರು ಡಾಲರ್ ಅಂದರು. ನಾನು ಮುಂದೆ ಕೇಳಲಿಲ್ಲ.

ಬೇಸ್‌ಬಾಲ್ ಅಂದರೆ ಗಡಿಯಾರ ಇಲ್ಲದ ಆಟ ಅಂತ ನಾನು ತಿಳಿದಿದ್ದೆ. ಇಲ್ಲಿ ಅಂಪೈರ್ ಸಮಯ ನೋಡಿ ಆಟ ಮುಗಿಸಿಬಿಟ್ಟರು. ಮುಂದಿನ ಎರಡು ತಂಡ ಬೇಲಿಯ ಹೊರಗೆ ಕಾಯುತ್ತಿದ್ದವು. ಒಂದು ಮ್ಯಾಚ್ ಆದ ಮೇಲೆ ಮೂರು ಗಂಟೆ ಸುಡುಬಿಸಿಲಿನಲ್ಲಿ ಕೂತು ಇನ್ನೊಂದು ಮ್ಯಾಚ್. ಹುಡುಗ ಆಡುವುದು ನೋಡಲು ಚೆಂದವೇ, ಇಲ್ಲ ಅನ್ನುವುದಿಲ್ಲ. ನೆಲಕ್ಕೆ ಉಜ್ಜಿಕೊಂಡು ಬಂದ ಚೆಂಡನ್ನು ಬಾಗಿ ಹಿಡಿದು ಅದೇ ಓಟದಲ್ಲಿ ಎಸೆದದ್ದು ನೋಡಿ ನಾನೂ ಎದ್ದು ನಿಂತು ಕೂಗಿದೆ. ಇದರಲ್ಲಿ ನಿನಗೆ ಎಲ್ಲಕ್ಕಿಂತ ಇಷ್ಟ ಯಾವುದು ಪುಟ್ಟಾ ಅಂತ ಆಮೇಲೆ ಕೇಳಿದೆ. "ಹೋಟೆಲಿನ ಸ್ವಿಮ್ಮಿಂಗ್ ಪೂಲ್, ತಾತ" ಅಂದ.

ಹೋಟೆಲ್ ಅಂದಾಗ ನೆನಪಾಯಿತು. ದುಡ್ಡಿನ ದಾರಿ ತಿಳಿಯಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು. ಎಷ್ಟೋ ಟೂರ್ನಮೆಂಟುಗಳಲ್ಲಿ ಒಂದು ಕರಾರು ಇದೆ. ಹೊರಗಿನಿಂದ ಬಂದ ತಂಡದವರು ನಾವು ಹೇಳಿದ ಹೋಟೆಲುಗಳಲ್ಲೇ ಉಳಿಯಬೇಕು, ಇಲ್ಲದಿದ್ದರೆ ಆಡುವ ಹಾಗಿಲ್ಲ. ಆ ರೂಮುಗಳ ಬಾಡಿಗೆಯಲ್ಲಿ ಸಂಘಟಕರಿಗೂ ಪಾಲು. ಊರಿನ ಆಡಳಿತಕ್ಕೂ ಖುಷಿ, ಯಾಕೆಂದರೆ ಹೋಟೆಲ್ ತೆರಿಗೆ ಬರುತ್ತದೆ, ಪಿಜ್ಜಾ ಅಂಗಡಿ ತುಂಬುತ್ತದೆ. ಹೀಗಾಗಿ ಪುಟ್ಟ ಊರುಗಳೂ ಪೈಪೋಟಿಯಲ್ಲಿ ಮೈದಾನ ಕಟ್ಟುತ್ತಿವೆ. ಇಂಡಿಯಾನಾ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರು 2014ರಲ್ಲಿ ಗ್ರ್ಯಾಂಡ್ ಪಾರ್ಕ್ ತೆರೆಯಿತು. ಸುಮಾರು 400 ಎಕರೆ. ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗೇ 26 ಮೈದಾನ. ಮಕ್ಕಳು ಓದುತ್ತಾ ಆಡುವ ಫ್ಲಾರಿಡಾದ ಐಎಂಜಿ ಅಕಾಡೆಮಿ 2023ರಲ್ಲಿ ಸುಮಾರು 125 ಕೋಟಿ ಡಾಲರಿಗೆ ಕೈ ಬದಲಾಯಿತು. ಇಷ್ಟೊಂದು ದುಡ್ಡು ಹಾಕಿದವರು ಮಕ್ಕಳೇ, ಈ ವಾರ ಮನೆಯಲ್ಲೇ ಇರಿ ಅಂತ ಹೇಳುತ್ತಾರೆಯೇ?

ಈಗ ಮೊಣಕೈಯ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರಾಗಿದ್ದವನಿಗೆ ಇದೇ ಜಾಸ್ತಿ ಚಿಂತೆ.

ಕ್ರಿಕೆಟ್‌ನಲ್ಲಿ ಆರು ಬಾಲ್ ಹಾಕಿದರೆ ಓವರ್ ಮುಗಿಯಿತು, ಇನ್ನೊಬ್ಬ ಬರುತ್ತಾನೆ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಅಂತಾರೆ. ಅವನಿಗೆ ಆ ಬಿಡುವಿಲ್ಲ. ಕೋಚ್ ಬದಲಾಯಿಸುವ ತನಕ ಪ್ರತಿ ಚೆಂಡೂ ಅವನದೇ. ಅದೂ ತೋಳು ನೆಟ್ಟಗಿಟ್ಟುಕೊಂಡಲ್ಲ, ಮೊಣಕೈ ಮಡಿಸಿ ಝಾಡಿಸಿ ಎಸೆಯುವುದು. ಮೊಣಕೈಯ ಒಳಬದಿಯಲ್ಲಿ ಮೂಳೆಗೂ ಮೂಳೆಗೂ ಕಟ್ಟು ಹಾಕಿದಂಥ ಒಂದು ನಾರು ಇದೆ. ಎಳೆತವೆಲ್ಲ ಅದರ ಮೇಲೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಪಿಚರ್‌ಗೆ ಆ ನಾರು ಹರಿದುಹೋಯಿತು. ಡಾಕ್ಟರ್ ಫ್ರಾಂಕ್ ಜೋಬ್ ಅವನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿ ಕಸಿ ಮಾಡಿದರು. ಆತ ಮತ್ತೆ ಆಡಿದ, ವರ್ಷಗಟ್ಟಲೆ ಆಡಿದ. ಆ ಆಪರೇಷನ್ನಿಗೆ ಇವತ್ತಿಗೂ ಅವನದೇ ಹೆಸರು. ಆದರೆ ಅದು ಮೂವತ್ತು ದಾಟಿದ ವೃತ್ತಿ ಆಟಗಾರನಿಗೆ ಮಾಡಿದ್ದು. 2007ರಿಂದ 2011ರ ನಡುವೆ ಅಮೆರಿಕದಲ್ಲಿ ನಡೆದ ಇಂಥ ಆಪರೇಷನ್‌ಗಳ ಲೆಕ್ಕ ತೆಗೆದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ರೋಗಿಗಳು 15ರಿಂದ 19 ವರ್ಷದವರು. ಇನ್ನೂ ಚಿಕ್ಕವರಲ್ಲಿ ನಾರು ಹರಿಯುವ ಮೊದಲೇ, ಬೆಳೆಯುತ್ತಿರುವ ಮೂಳೆಯ ಮೆದು ಭಾಗ ನೋಯಲು ಶುರುವಾಗುತ್ತದೆ.

ಇದನ್ನು ನೋಡಿಯೇ ಲಿಟಲ್ ಲೀಗ್ 2007ರಲ್ಲಿ ಎಸೆತಗಳನ್ನು ಎಣಿಸುವ ನಿಯಮ ತಂದಿತು. 2014ರಲ್ಲಿ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗಿನವರೂ ಅಮೆರಿಕದ ಬೇಸ್‌ಬಾಲ್ ಸಂಸ್ಥೆಯೂ ಸೇರಿ ಪಿಚ್ ಸ್ಮಾರ್ಟ್ ಎಂಬ ಸಲಹೆ ಹೊರಡಿಸಿದರು. ಏಳೆಂಟು ವರ್ಷದವರಿಗೆ ದಿನಕ್ಕೆ 50 ಎಸೆತ, ಒಂಬತ್ತು ಹತ್ತರವರಿಗೆ 75, ಹನ್ನೊಂದು ಹನ್ನೆರಡಕ್ಕೆ 85. ವರ್ಷದಲ್ಲಿ ಕೆಲವು ತಿಂಗಳು ಎಸೆಯಲೇಬಾರದು ಅಂತಲೂ ಇದೆ. ಒಳ್ಳೆಯದೇ. ಆದರೆ ಕೆಲವು ಟೂರ್ನಮೆಂಟುಗಳಲ್ಲಿ ಎಸೆತ ಬಿಟ್ಟು ಇನಿಂಗ್ಸ್ ಎಣಿಸುತ್ತಾರೆ. ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಒಂದು ತಂಡದ ಸರದಿ ಮುಗಿಯುತ್ತದೆ. ಅದು ಹತ್ತು ಎಸೆತಕ್ಕೂ ಮುಗಿಯಬಹುದು, ನಲವತ್ತಕ್ಕೂ ಎಳೆಯಬಹುದು. ಮತ್ತೆ ಹುಡುಗ ಎರಡು ತಂಡಕ್ಕೆ ಆಡುತ್ತಿದ್ದರೆ ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. 2015ರಲ್ಲಿ ಜಾನ್ ಸ್ಮೋಲ್ಟ್ಸ್ ಎಂಬ ಹೆಸರಾಂತ ಪಿಚರ್ ಹಾಲ್ ಆಫ್ ಫೇಮ್, ಅಂದರೆ ದಿಗ್ಗಜರ ಸಾಲಿಗೆ ಸೇರುವ ಗೌರವ ಪಡೆದ ದಿನ, ತನಗೆ ಸಿಕ್ಕ ಮೈಕಿನಲ್ಲಿ ಅಪ್ಪ ಅಮ್ಮಂದಿರಿಗೆ ಹೇಳಿದ್ದು ಇದನ್ನೇ: ಬೇಸ್‌ಬಾಲ್ ವರ್ಷವಿಡೀ ಆಡುವ ಆಟವಲ್ಲ. ಸ್ವತಃ ಆ ಆಪರೇಷನ್ ಮಾಡಿಸಿಕೊಂಡವನ ಮಾತು ಅದು.

ಇಷ್ಟೆಲ್ಲ ಖರ್ಚು ಕಾಲೇಜು ಸ್ಕಾಲರ್‌ಷಿಪ್‌ಗೆ ಅಂತಾರೆ. ಇತ್ತೀಚಿನವರೆಗೂ ಮೊದಲ ದರ್ಜೆಯ ಒಂದು ಕಾಲೇಜು ತಂಡಕ್ಕೆ ಇದ್ದದ್ದು 11.7 ಪೂರ್ತಿ ಸ್ಕಾಲರ್‌ಷಿಪ್‌ನಷ್ಟು ದುಡ್ಡು. ಅದನ್ನು ಹಲವು ಹುಡುಗರ ನಡುವೆ ಚೂರು ಚೂರಾಗಿ ಹಂಚಬಹುದಿತ್ತು. ಆ ಮಿತಿಯನ್ನು 2025ರಲ್ಲಿ ತೆಗೆದರು, ಅದು ಬೇರೆ ಮಾತು. ಎಂಟನೇ ವರ್ಷದಿಂದ ಕಟ್ಟಿದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಅಂತ ನನ್ನ ಹೆಂಡತಿ ಅಲ್ಲೇ ಲೆಕ್ಕ ಹಾಕಿದಳು.

ದುಡ್ಡೇ ಇಲ್ಲದವರ ಕತೆ? ಆಂಡ್ರೂ ಮೆಕಚನ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲಿ ಹೆಸರು ಮಾಡಿದ ದೊಡ್ಡ ಆಟಗಾರ. ಫ್ಲಾರಿಡಾದ ಬಡ ಕುಟುಂಬದಿಂದ ಬಂದವನು. 2015ರಲ್ಲಿ ಆತ ಒಂದು ಲೇಖನ ಬರೆದ. ಊರೂರು ಸುತ್ತಿ ಆಡುವ ತಂಡಕ್ಕೆ ಸೇರುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ, ಒಬ್ಬ ಕೋಚ್ ನನ್ನನ್ನು ಗಮನಿಸಿ ತನ್ನ ತಂಡಕ್ಕೆ ಕರೆದುಕೊಂಡರು, ಹಾಗಾಗಿ ಬೆಳಕಿಗೆ ಬಂದೆ ಎಂಬುದು ಅದರ ಸಾರ. ಅಂಥ ಕೋಚ್ ಸಿಗದ ಹುಡುಗರ ಹೆಸರು ನಮಗೆ ಎಲ್ಲಿ ಗೊತ್ತಾಗಬೇಕು?

ಇದು ಅವರ ದೇಶದ ಆಟ, ಅವರ ತಲೆನೋವು ಅಂತ ನೀವು ಅನ್ನಬಹುದು. ನಮ್ಮಲ್ಲಿ ಕ್ರಿಕೆಟ್ ಇದೆಯಲ್ಲ. 2015ರ ಡಿಸೆಂಬರ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟರು. ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ತಿದ್ದುವ ಚಾಳಿಯನ್ನು ಅಲ್ಲಿ ಖಾರವಾಗಿಯೇ ಎತ್ತಿದರು. ಮಗು ಆಟ ಕಲಿಯುವ ಮೊದಲೇ ಗೆಲ್ಲಬೇಕು ಅನ್ನುವವರು ದೊಡ್ಡವರೇ ತಾನೆ?

ಒಬ್ಬ ಅಪ್ಪ ತಾನೊಬ್ಬನೇ ಇದನ್ನು ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸಿದರೆ ಅವನ ಮಗ ಹಿಂದೆ ಬೀಳುತ್ತಾನೆ, ಅಷ್ಟೇ. ನಾರ್ವೆಯವರು ಇದನ್ನು ಅರ್ಥ ಮಾಡಿಕೊಂಡರು. ಅಲ್ಲಿ 1987ರಿಂದಲೇ ಮಕ್ಕಳ ಕ್ರೀಡೆಗೆ ನಿಯಮಗಳಿವೆ. ಹನ್ನೊಂದಾಗುವ ತನಕ ಪಾಯಿಂಟ್ ಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರರ ತನಕ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ನಿಯಮ ಎಲ್ಲರಿಗೂ ಒಂದೇ, ಆದ್ದರಿಂದ ಯಾರಿಗೂ ಹಿಂದೆ ಬೀಳುವ ಭಯ ಇಲ್ಲ. 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ಪುಟ್ಟ ದೇಶ 16 ಚಿನ್ನ ಗೆದ್ದು ಎಲ್ಲರಿಗಿಂತ ಮುಂದಿತ್ತು.

ಇದನ್ನೆಲ್ಲ ತಂಗಿಯ ಮಗನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ನೀವು ಹೇಳೋದು ಸರಿ ಮಾವ, ಆದರೆ ಇವನ ಇಬ್ಬರು ಫ್ರೆಂಡ್ಸೂ ಆಗಲೇ ದುಡ್ಡು ಕಟ್ಟಿದ್ದಾರೆ. ಇವನನ್ನು ಊರಿನ ಲೀಗಿಗೆ ಹಾಕಿದರೆ ಯಾರ ಜೊತೆ ಆಡಬೇಕು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸೀಸನ್ನಿನ ಫೀಸು ಅವನಿನ್ನೂ ಕಟ್ಟಿಲ್ಲ. ಈ ಶುಕ್ರವಾರ ಕೊನೆಯ ದಿನ.

ನಮಸ್ಕಾರ.