ಬರೆದಿಟ್ಟುಕೊಳ್ಳದ ಮಾತನ್ನೂ ಕಲಿಸಬಹುದು

ನಮಸ್ಕಾರ ಕೇಳುಗರೇ.

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಕಳೆಯಿತು ಅಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೇ ತಿಂಗಳ ಕೊನೆಗೆ ತಿರುಗಾಟ ಮುಗಿದರೆ ಮೇಳಗಳು ಮತ್ತೆ ಹೊರಡುವುದು ದೀಪಾವಳಿಯ ಆಸುಪಾಸಿಗೆ. ಹೊರಗೆ ಜಡಿಮಳೆ. ಆದರೆ ಮಾತು ನಿಲ್ಲುವುದಿಲ್ಲ. ದೇವಸ್ಥಾನದ ಚಾವಡಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ, ಯುವಕ ಸಂಘದ ಹಾಲ್‌ನಲ್ಲಿ ತಾಳಮದ್ದಳೆ ಶುರುವಾಗುತ್ತದೆ. ಘಟ್ಟದ ಮೇಲೆ ಸಾಗರ, ಸಿದ್ದಾಪುರ, ಶಿರಸಿಯ ಕಡೆಯೂ ಹಾಗೆಯೇ.

ನೋಡದೇ ಇದ್ದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಇದು ಕೂತು ಆಡುವ ಯಕ್ಷಗಾನ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಮದ್ದಳೆ ಚೆಂಡೆ ಜೊತೆಗಿರುತ್ತವೆ. ಪದ್ಯ ಮುಗಿದ ಕೂಡಲೇ ಆ ಪಾತ್ರದ ಅರ್ಥಧಾರಿ ಮಾತು ಎತ್ತಿಕೊಳ್ಳುತ್ತಾರೆ. ಎದುರಿಗೆ ಇನ್ನೊಂದು ಪಾತ್ರದವರು ಕೂತಿರುತ್ತಾರೆ. ಪದ್ಯ ಪ್ರಸಂಗದ, ಅಂದರೆ ಆಡುವ ಕಥೆಯ, ಪುಸ್ತಕದಲ್ಲಿದೆ, ಮಾತು ಎಲ್ಲೂ ಬರೆದಿಲ್ಲ. ಅದೇ ನಾಲ್ಕು ಸಾಲಿನ ಪದ್ಯಕ್ಕೆ ಒಬ್ಬರು ಐದು ನಿಮಿಷ ಮಾತಾಡಬಹುದು, ಇನ್ನೊಬ್ಬರು ಅರ್ಧ ಗಂಟೆ. ರಿಹರ್ಸಲ್ ಅನ್ನೋದೇ ಇಲ್ಲ. ಎದುರಿನವರು ಏನು ಕೇಳುತ್ತಾರೆ ಅನ್ನುವುದು ಅವರು ಕೇಳಿದ ಮೇಲೆಯೇ ಗೊತ್ತಾಗುವುದು.

ನಾಟಕದ ಶಾಲೆಗಳಲ್ಲಿ ಇಂಪ್ರೊವೈಸೇಷನ್ ಅನ್ನುತ್ತಾರಲ್ಲ, ಅದನ್ನು ನಮ್ಮ ಹಳ್ಳಿಗಳು ತಲೆತಲಾಂತರದಿಂದ ಮಾಡಿಕೊಂಡು ಬಂದಿವೆ. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆ ಸಿಕ್ಕಿರುವ 1556ರ ಒಂದು ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ಮಾತಿದೆ. ಅಷ್ಟು ಹಳೆಯದು. ಇಷ್ಟು ದೊಡ್ಡ ವಿದ್ಯೆಯನ್ನು ಕಲಿಸುವ ವಿಷಯದಲ್ಲಿ ಮಾತ್ರ ನಾವು ಹಿಂದೆ ಉಳಿದಿದ್ದೇವೆ, ಅದನ್ನೇ ಈವತ್ತು ನಿಮ್ಮ ಹತ್ತಿರ ಹೇಳಬೇಕು ಅಂತ ಬಂದಿದ್ದೇನೆ. ಕುಣಿತಕ್ಕೆ ತರಗತಿ ಇದೆ. ಭಾಗವತಿಕೆಗೆ, ಮದ್ದಳೆಗೆ ಇದೆ. ಉಡುಪಿಯಲ್ಲಿ 1971ರಿಂದಲೇ ಯಕ್ಷಗಾನ ಕೇಂದ್ರ ಇದೆ. ಅರ್ಥಗಾರಿಕೆಯ ವಿಷಯಕ್ಕೆ ಬಂದರೆ ಅಲ್ಲಲ್ಲಿ ಶಿಬಿರ, ಕಮ್ಮಟ ಅಂತ ಆಗುತ್ತವೆ, ನಿಜ. ಆದರೂ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: ಅದು ಕಲಿಸಿದರೆ ಬರುವುದಲ್ಲ, ಹುಟ್ಟಿನಿಂದ ಬರಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಕೂಟಗಳಲ್ಲಿ ಕೂತು ಕೇಳಿಯೇ ಬರಬೇಕು. ನಾನು ಇದನ್ನು ಒಪ್ಪುವುದಿಲ್ಲ.

ಯಾಕೆ ಅಂತ ಹೇಳಲು ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಸುಗ್ರೀವನ ಜೊತೆ ಕಾದಾಡುತ್ತಿದ್ದ ವಾಲಿಯ ಎದೆಗೆ ಮರದ ಮರೆಯಿಂದ ಬಾಣ ಬಂದು ನಾಟುತ್ತದೆ. ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ನನಗೂ ನಿನಗೂ ಏನು ಹಗೆ? ಎದುರು ನಿಂತು ಕರೆಯಬಾರದಿತ್ತೇ? ನಾನು ಕಾಡಿನಲ್ಲಿ ಹಣ್ಣುಹಂಪಲು ತಿಂದುಕೊಂಡಿರುವ ಕಪಿ, ನಿನ್ನ ಊರಿನ ಧರ್ಮವನ್ನು ನನ್ನ ಮೇಲೆ ಯಾಕೆ ಹೇರುತ್ತೀ? ಇಲ್ಲಿ ರಾಮನ ಅರ್ಥಧಾರಿ ಹೇಳಬಹುದು: ಮೃಗ ಅಂತ ನೀನೇ ಒಪ್ಪಿಕೊಂಡೆ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ಅರಸರಿಗೆ ಸಲ್ಲುತ್ತದೆ. ಇಲ್ಲ, ನಾನು ಧರ್ಮ ತಿಳಿದ ಅರಸು ಅನ್ನುವುದಾದರೆ ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದಕ್ಕೆ ಉತ್ತರ ಕೊಡು.

ಇಷ್ಟರವರೆಗಿನದು ವಾಲ್ಮೀಕಿಯಲ್ಲೇ ಇದೆ, ಓದಿಕೊಂಡು ಬಂದವರು ಹೇಳುತ್ತಾರೆ. ಮುಂದಿನದು ನೋಡಿ. ವಾಲಿ ಬಿಡುವುದಿಲ್ಲ. "ಬೇಟೆಗಾರ ತಾನು ಹೊಡೆದ ಮೃಗದ ಪಕ್ಕ ನಿಂತು ಧರ್ಮದ ಚರ್ಚೆ ಮಾಡುತ್ತಾನೆಯೇ ರಾಮಾ? ನನಗೆ ಉತ್ತರ ಕೊಡುತ್ತಿದ್ದೀಯಲ್ಲ, ಅಲ್ಲಿಗೆ ನಾನು ಮೃಗ ಅಲ್ಲ ಅಂತ ನೀನೂ ಒಪ್ಪಿದ ಹಾಗಾಯಿತು!" ಸಭೆ ಒಮ್ಮೆ ಮುಂದಕ್ಕೆ ಬಾಗುತ್ತದೆ. ಈಗ ರಾಮನ ಅರ್ಥಧಾರಿ ಮನೆಯಿಂದ ತಂದ ಮಾತನ್ನೇ ಮುಂದುವರಿಸಿದರೆ ಕೂಟ ಅಲ್ಲೇ ಬಿದ್ದುಹೋಗುತ್ತದೆ. ಅದರ ಬದಲು, "ಒಪ್ಪಿದೆ. ನೀನು ಮೃಗ ಅಲ್ಲ. ಹಾಗಾದರೆ ರುಮೆಯ ಮಾತಿಗೆ ಬಾ" ಅಂದುಬಿಟ್ಟರೆ? ಒಂದೇ ಸಾಲಿನಲ್ಲಿ ಸಂವಾದ ಇನ್ನೊಂದು ಕಡೆಗೆ ತಿರುಗಿತು. ಎದುರಿನವರು ಕೊಟ್ಟದ್ದನ್ನು ತೆಗೆದುಕೊಂಡು, ಅದನ್ನೇ ಇಟ್ಟುಕೊಂಡು ಮುಂದೆ ಹೋಗುವುದು ಅಂದರೆ ಇದೇ. ಇದಕ್ಕೆ ಬೇಕಾದದ್ದು ನಾಲಗೆಗಿಂತ ಜಾಸ್ತಿ ಕಿವಿ. ಕಿವಿಯನ್ನು ಪಳಗಿಸಬಹುದು, ಅಲ್ವಾ?

ಇನ್ನೊಂದು ವಿಷಯ ಇದೆ. ಕಥೆ ಬದಲಾಗುವಂತಿಲ್ಲ. ವಾಲಿ ವಾದದಲ್ಲಿ ಎಷ್ಟೇ ಗೆಲ್ಲಲಿ, ಕೊನೆಗೆ ರಾಮನಿಗೆ ತಲೆಬಾಗಬೇಕು, ಮಗ ಅಂಗದನನ್ನು ಅವನ ಕೈಗೆ ಒಪ್ಪಿಸಬೇಕು. ಮುಂದಿನ ಪದ್ಯ ಭಾಗವತರ ಬಾಯಲ್ಲಿ ಕಾದು ಕೂತಿದೆ. ಅರ್ಥಧಾರಿ ತನ್ನ ಮಾತನ್ನು ಆ ಪದ್ಯದ ಬಾಗಿಲಿಗೆ ತಂದು ನಿಲ್ಲಿಸಬೇಕು. ಎಲ್ಲಿಂದ ಹೊರಟೆವು, ಎಲ್ಲಿಗೆ ಮುಟ್ಟಬೇಕು ಎರಡೂ ಮೊದಲೇ ಗೊತ್ತು. ನಡುವಿನ ದಾರಿ ಮಾತ್ರ ಇಬ್ಬರೂ ಸೇರಿ ಆ ಹೊತ್ತಿಗೆ ಕಂಡುಕೊಳ್ಳಬೇಕು. ಇಂಥ ಕಟ್ಟು ಇರುವುದರಿಂದಲೇ ಹೊಸಬರಿಗೆ ಇದನ್ನು ಕಲಿಸುವುದು ಸುಲಭ ಅಂತ ನನಗೆ ಅನ್ನಿಸುತ್ತದೆ. ಬಾಯಿಗೆ ಬಂದದ್ದು ಆಡು ಅಂದರೆ ಯಾವ ಹುಡುಗನಿಗೂ ಬಾಯಿ ಬರುವುದಿಲ್ಲ. ಈ ಪದ್ಯದಿಂದ ಆ ಪದ್ಯಕ್ಕೆ ಹೋಗು ಅಂದರೆ ಅವನಿಗೊಂದು ದಾರಿ ಕಾಣುತ್ತದೆ.

ಹಿಂದಿನ ಅರ್ಥಧಾರಿಗಳ ಹೆಸರು ಹೇಳದೆ ಮುಂದೆ ಹೋಗಲಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮಾಗಧ, ರಾವಣ ಕೇಳಿದವರು ಆ ತರ್ಕದ ಮೊನಚನ್ನು ಈಗಲೂ ನೆನೆಯುತ್ತಾರೆ. ದೇರಾಜೆ ಸೀತಾರಾಮಯ್ಯನವರದು ಮೆದುವಾದ ಮಾತು, ಮನಸ್ಸಿನ ಒಳಗೆ ಇಳಿಯುವಂಥದ್ದು. ರಾಮದಾಸ ಸಾಮಗರದು ಹೊಳೆ ಹರಿದ ಹಾಗೆ. ಕುಂಬಳೆ ಸುಂದರ ರಾಯರದು ಪ್ರಾಸ ಕುಣಿಯುವ ಕನ್ನಡ, 1994ರಲ್ಲಿ ಸುರತ್ಕಲ್‌ನಿಂದ ಶಾಸಕರೂ ಆದರು ಅವರು. ಒಂದೇ ಪದ್ಯ ಈ ನಾಲ್ವರಿಗೆ ಕೊಟ್ಟರೆ ನಾಲ್ಕು ಬೇರೆ ಬೇರೆ ಮನುಷ್ಯರು ಎದ್ದು ಬರುತ್ತಿದ್ದರು. ಇನ್ನೊಂದು ಸಂಗತಿ ನನಗೆ ಯಾವಾಗಲೂ ಹೆಮ್ಮೆ ತರುತ್ತದೆ. ಈ ಕೂಟಗಳಲ್ಲಿ ಕೂರುವವರ ಮನೆಮಾತು ತುಳು, ಕೊಂಕಣಿ, ಹವ್ಯಕ, ಕಾಸರಗೋಡಿನ ಕಡೆ ಮಲಯಾಳ. ಕೂಟಕ್ಕೆ ಕೂತರೆ ಮಾತ್ರ ಗಂಟೆಗಟ್ಟಲೆ ಕನ್ನಡ, ಒಂದು ಇಂಗ್ಲಿಷ್ ಪದ ನುಸುಳುವುದಿಲ್ಲ. ಜಬ್ಬಾರ್ ಸಮೋ ಅವರ ಅರ್ಥ ಕೇಳಿದವರಿಗೆ ಈ ಕಲೆ ಯಾವ ಒಂದು ಜಾತಿ ಮತದ ಸ್ವತ್ತೂ ಅಲ್ಲ ಅನ್ನುವುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕದ ಶಿಕಾಗೊಗೆ. ಅಲ್ಲಿ ವಯೋಲಾ ಸ್ಪೋಲಿನ್ ಅಂತ ಒಬ್ಬರಿದ್ದರು, ಹುಟ್ಟಿದ್ದು 1906ರಲ್ಲಿ. ಹಲ್ ಹೌಸ್ ಅನ್ನುವ ಸೇವಾಕೇಂದ್ರದಲ್ಲಿ ನೀವಾ ಬಾಯ್ಡ್ ಅನ್ನುವವರ ಹತ್ತಿರ ಮಕ್ಕಳ ಆಟಗಳನ್ನು ಕಲಿತರು. ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಬಡವರ ಬೀದಿಗಳು ಅವು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಅಂಥವರನ್ನೆಲ್ಲ ಸೇರಿಸಿ ನಾಟಕ ಮಾಡಿಸಬೇಕಾಗಿ ಬಂದಾಗ ಸ್ಪೋಲಿನ್ ಉಪದೇಶ ಮಾಡಲಿಲ್ಲ, ಆಟ ಆಡಿಸಿದರು. ಇಬ್ಬರು ಎದುರು ಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯ ಹಾಗೆ ಮಾಡಬೇಕು. ಯಾವ ಭಾಷೆಯೂ ಅಲ್ಲದ ಸುಮ್ನೆ ಸದ್ದಿನಲ್ಲಿ ಇನ್ನೊಬ್ಬರಿಗೆ ಏನನ್ನೋ ತಿಳಿಸಬೇಕು. ಗಮನ ಆಟದ ಮೇಲೆ ಇರುವುದರಿಂದ ನಾಚಿಕೆ ತಾನಾಗಿ ಬಿಟ್ಟುಹೋಗುತ್ತದೆ. ಆ ಆಟಗಳನ್ನೆಲ್ಲ 1963ರಲ್ಲಿ ಪುಸ್ತಕ ಮಾಡಿದರು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸೆಕೆಂಡ್ ಸಿಟಿ ಅನ್ನುವ ನಾಟಕ ತಂಡಕ್ಕೆ ಈ ಆಟಗಳೇ ತಳಹದಿ. ಹುಟ್ಟಿನಿಂದ ಬರಬೇಕು ಅನ್ನುತ್ತಿದ್ದದ್ದನ್ನು ಸ್ಪೋಲಿನ್ ಯಾರಿಗೆ ಬೇಕಾದರೂ ಕಲಿಸಬಹುದು ಅಂತ ಮಾಡಿ ತೋರಿಸಿದರು.

ಇದೇ ವಿದ್ಯೆಯನ್ನು ಕಲಿಸಿದವರು ಕೀತ್ ಜಾನ್‌ಸ್ಟನ್ ಅಂತ ಇನ್ನೊಬ್ಬರು. ಇಂಗ್ಲೆಂಡಿನವರು, ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದರು. ಅವರ ಪಾಠದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಮುಂದೆ ಏನು ಹೇಳಲಿ ಅಂತ ತಡಕಾಡಬೇಡ, ಇಷ್ಟರವರೆಗೆ ಏನೇನು ಬಂತು ಅಂತ ಹಿಂತಿರುಗಿ ನೋಡು, ಅಲ್ಲಿ ಬಿಟ್ಟುಬಂದದ್ದನ್ನು ಮತ್ತೆ ಎತ್ತಿಕೋ ಅನ್ನುತ್ತಿದ್ದರು.

ವಾಲಿವಧೆಗೆ ವಾಪಸ್ ಬರೋಣ. ಯುದ್ಧಕ್ಕೆ ಹೊರಟ ವಾಲಿಯನ್ನು ಹೆಂಡತಿ ತಾರೆ ತಡೆಯುತ್ತಾಳೆ. ಒಮ್ಮೆ ಸೋತು ಓಡಿದ ಸುಗ್ರೀವ ಇಷ್ಟು ಬೇಗ ತಿರುಗಿ ಬಂದಿದ್ದಾನೆ ಅಂದರೆ ಬೆನ್ನಿಗೆ ಯಾರೋ ಇದ್ದಾರೆ ಅನ್ನುತ್ತಾಳೆ. ತಾರೆಯ ಅರ್ಥ ಹೇಳುವವರಿಗೆ ಸಿಗುವುದು ಸ್ವಲ್ಪವೇ ಹೊತ್ತು. ಅದರಲ್ಲಿ ಅವರು, "ಅಂಗದ ಇನ್ನೂ ಚಿಕ್ಕವನು, ಅವನನ್ನು ಯಾರ ಕೈಗೆ ಕೊಟ್ಟು ಹೋಗುತ್ತೀರಿ?" ಅಂತ ಒಂದು ಮಾತು ಹಾಕಿದರು ಅಂತಿಟ್ಟುಕೊಳ್ಳಿ. ವಾಲಿ ಆಗ ನಕ್ಕು, "ನನ್ನ ಮಗನಿಗೆ ನನ್ನ ತೋಳು ಸಾಲದೇ?" ಅಂದು ಹೊರಟುಬಿಡುತ್ತಾನೆ. ಒಂದೂವರೆ ಗಂಟೆ ಕಳೆದು, ಬಾಣ ತಿಂದು ಬಿದ್ದ ವಾಲಿ ಮಗನ ಕೈಯನ್ನು ರಾಮನ ಕೈಯಲ್ಲಿಡುವಾಗ, "ತಾರೇ, ಯಾರ ಕೈಗೆ ಅಂತ ಕೇಳಿದ್ದೆಯಲ್ಲ" ಅಂದರೆ ಸಾಕು. ಸಭೆಯಲ್ಲಿ ಸೆರಗು, ಶಾಲು ಕಣ್ಣಿಗೆ ಹೋಗುತ್ತವೆ. ಆ ಗಳಿಗೆಯನ್ನು ಕಟ್ಟಿದವರು ಇಬ್ಬರು, ಅದರಲ್ಲಿ ಮೊದಲನೆಯವರು ತಾರೆ. ಸಣ್ಣ ಪಾತ್ರ ಅಂತ ತಾರೆಯನ್ನು ಹೊಸಬರ ಕೈಗೆ ಕೊಟ್ಟು ಬೇಗ ಮುಗಿಸು ಅನ್ನುವವರನ್ನು ಕಂಡರೆ ನನಗೆ ಬೇಸರ ಆಗುವುದು ಇದಕ್ಕೇ.

ಹಾಗಾದರೆ ಕಲಿಸುವುದು ಹೇಗೆ? ಹತ್ತು ಹದಿನೈದು ಮಕ್ಕಳು, ಒಂದು ಪ್ರಸಂಗ, ಹಾಡಲು ಒಬ್ಬ ಭಾಗವತರು ಇದ್ದರೆ ಸಾಕು. ಮೊದಲು ಕಥೆ ಪೂರ್ತಿ ಗೊತ್ತಾಗಬೇಕು. ಆಮೇಲೆ ಇಬ್ಬರನ್ನು ಕೂರಿಸಿ, ಎದುರಿನವರ ಕೊನೆಯ ವಾಕ್ಯದಲ್ಲಿ ಬಂದ ಒಂದು ಪದವನ್ನು ಹಿಡಿದೇ ನಿನ್ನ ಮಾತು ಶುರುವಾಗಬೇಕು ಅಂತ ನಿಯಮ ಮಾಡಿ. ಇದೊಂದೇ ನಿಯಮ ಸಾಕು, ಕಂಠಪಾಠ ಮಾಡಿಕೊಂಡು ಬಂದವರು ಕೂಡಲೇ ಸಿಕ್ಕಿಬೀಳುತ್ತಾರೆ. ಸ್ವಲ್ಪ ಹೊತ್ತು ಆದ ಮೇಲೆ ಜಾಗ ಬದಲಿಸಿ. ಅಷ್ಟು ಹೊತ್ತು ವಾಲಿಯಾಗಿ ಕೂಗಾಡಿದವನು ಈಗ ರಾಮ. ತಾನೇ ಹಾಕಿದ ಪ್ರಶ್ನೆಗೆ ತಾನೇ ಉತ್ತರ ಹುಡುಕಬೇಕಾದಾಗ ಎರಡೂ ಪಾತ್ರದ ಸಂಕಟ ಅವನಿಗೆ ಅರ್ಥವಾಗುತ್ತದೆ. ಭಾಗವತರು ತಾಳ ತಟ್ಟಿದ ಕೂಡಲೇ ಎರಡು ವಾಕ್ಯದಲ್ಲಿ ಮಾತನ್ನು ಪದ್ಯಕ್ಕೆ ಒಪ್ಪಿಸಬೇಕು ಅಂತ ಇನ್ನೊಂದು ಆಟ ಮಾಡಬಹುದು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಎಷ್ಟೋ ಹಿರಿಯರಿಗೇ ಬಾರದ ವಿದ್ಯೆ. ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆದು, ಸಂವಾದಕ್ಕೆ ಹೊತ್ತೇ ಉಳಿಯದ ಕೂಟಗಳು ಈಗ ಕಡಿಮೆಯೇನಲ್ಲ.

ಯೂಟ್ಯೂಬ್ ಬಗ್ಗೆಯೂ ಒಂದು ಮಾತು. ಹಿಂದಿನವರ ಕೂಟಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ, ದೊಡ್ಡ ಭಾಗ್ಯ ಅದು. ನಮ್ಮ ಮಂಗಳೂರು ಆಕಾಶವಾಣಿಯಂತೂ 1976ರಲ್ಲಿ ಶುರುವಾದದ್ದು, ರೇಡಿಯೊದಲ್ಲೇ ತಾಳಮದ್ದಳೆ ಕೇಳಿ ಬೆಳೆದ ಮನೆಗಳು ಎಷ್ಟೋ ಇವೆ. ಆದರೆ ಶೇಣಿಯವರು ಯಾವತ್ತೋ ಒಂದು ರಾತ್ರಿ ಯಾರದೋ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಹಾಗೇ ಬಾಯಿಪಾಠ ಮಾಡಿಕೊಂಡು ಬಂದು, ಆ ಪ್ರಶ್ನೆ ಕೇಳದೇ ಇದ್ದರೂ ಹೇಳಿಬಿಡುವವರು ಜಾಸ್ತಿಯಾಗಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೆಕಾರ್ಡಿಂಗ್ ಹಾಕಿಕೊಂಡು ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ. ನೀವೇ ಉತ್ತರ ಹೇಳಿ ನೋಡಿ. ಆಮೇಲೆ ಅವರು ಏನು ಹೇಳಿದರು ಕೇಳಿ. ಹೀಗೆ ಕೇಳಿದರೆ ಶೇಣಿಯವರು ನಿಜವಾಗಿಯೂ ನಿಮಗೆ ಗುರುಗಳಾಗುತ್ತಾರೆ.

ಜಿದ್ದಿಗೆ ಬಿದ್ದು ಎದುರಿನವರ ಬಾಯಿ ಕಟ್ಟಿಸುವುದೇ ಗೆಲುವು ಅಂದುಕೊಂಡವರೂ ಇದ್ದಾರೆ. ಸಭೆ ಆ ಹೊತ್ತಿಗೆ ಚಪ್ಪಾಳೆ ಹೊಡೆಯುತ್ತದೆ, ಆಮೇಲೆ ಉಳಿದ ಪ್ರಸಂಗ ಸೊರಗುತ್ತದೆ. ಎದುರು ರಾಮನೇ ಸೊರಗಿದರೆ ವಾಲಿ ತಲೆಬಾಗುವುದು ಯಾರಿಗೆ?

ಕೂಟ ನಡೆಸುವ ಸಂಘದವರಲ್ಲಿ ನನ್ನದೊಂದು ಕೋರಿಕೆ. ಈ ಮಳೆಗಾಲದ ಪ್ರತಿ ಕೂಟದಲ್ಲೂ ಮುಖ್ಯ ಪ್ರಸಂಗಕ್ಕೆ ಮೊದಲು ಅರ್ಧ ಗಂಟೆ ಹೊಸಬರಿಗೆ ಬಿಟ್ಟುಕೊಡಿ. ಹೊಸಬರ ಎದುರು ಹೊಸಬರನ್ನೇ ಕೂರಿಸಬೇಡಿ, ಒಬ್ಬ ಹಿರಿಯರು ಕೂರಲಿ, ಕಷ್ಟದ ಪ್ರಶ್ನೆ ಹಾಕದೆ, ಎತ್ತಿಕೊಳ್ಳಲು ಸುಲಭವಾದ ಮಾತು ಕೊಡುತ್ತಾ ಹೋಗಲಿ. ಹುಡುಗಿಯರನ್ನೂ ಕೂರಿಸಿ. ಮಹಿಳೆಯರ ತಾಳಮದ್ದಳೆ ತಂಡಗಳು ಈಗ ಊರೂರಿನಲ್ಲಿವೆ, ಅವರ ಜೊತೆ ಸೇರಿಕೊಂಡರೆ ಇನ್ನೂ ಒಳ್ಳೆಯದು. ಕರಾವಳಿಯ ಹೊರಗಿನ ಊರುಗಳ ಮೇಷ್ಟ್ರುಗಳಿಗೂ ಇದನ್ನೇ ಹೇಳುತ್ತೇನೆ. ಪ್ರಸಂಗಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಭಾಗವತರು ಸಿಗಲಿಲ್ಲವೇ, ಪದ್ಯವನ್ನು ರಾಗವಾಗಿ ಓದಲು ಬರುವ ಒಬ್ಬ ಹುಡುಗಿ ಸಾಕು. ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಬೆಂಚು ಸರಿಸಿ ನಾಲ್ವರನ್ನು ಕೂರಿಸಿ, ತಾರೆ ವಾಲಿಯನ್ನು ತಡೆಯುವ ಭಾಗದಿಂದಲೇ ಶುರು ಮಾಡಿ.

ನಮಸ್ಕಾರ.