ಸೇರಿನೊಳಗಿನ ಹೆಬ್ಬೆರಳು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ನಾನು ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಹೋಗುತ್ತಿದ್ದ ಅಂಗಡಿಯ ಸಾಹುಕಾರರು ದೇವರ ಪಟಕ್ಕೆ ಊದುಬತ್ತಿ ಹಚ್ಚದೆ ಗಲ್ಲಾಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಆದರೆ ಅಳೆಯುವಾಗ ಅವರ ಹೆಬ್ಬೆರಳು ಸೇರಿನ ಒಳಗೇ ಇರುತ್ತಿತ್ತು. "ಅವನ ಹೆಬ್ಬೆರಳಿಗೂ ದುಡ್ಡು ಕೊಟ್ಟು ಬಂದೆ ನೋಡು" ಅಂತ ಅಜ್ಜಿ ದಾರಿಯುದ್ದಕ್ಕೂ ಬೈಯುತ್ತಿದ್ದರು. ಹಾಗಂತ ಅವರೇನೂ ದೇವರನ್ನು ಬಿಡಲಿಲ್ಲ. ಅಂಗಡಿ ಬಿಟ್ಟರು, ಅಷ್ಟೇ.

ದೇವರ ಭಯ ಇಲ್ಲದಿದ್ದರೆ ಜನ ಕೆಟ್ಟು ಹೋಗ್ತಾರೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಆ ಹೆಬ್ಬೆರಳು ನೆನಪಾಗುತ್ತದೆ. ಜೊತೆಗೆ ಎಚ್. ನರಸಿಂಹಯ್ಯನವರೂ. ಗೌರಿಬಿದನೂರು ಕಡೆಯ ಬಡವರ ಮನೆ ಹುಡುಗ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಅಮೆರಿಕದಲ್ಲಿ ಭೌತವಿಜ್ಞಾನ ಓದಿ ಬಂದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಎಷ್ಟೋ ಭಕ್ತರ ಸಿಟ್ಟಿಗೆ ಗುರಿಯಾದರು. ಅವರ ಮನೆ? ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಕೋಣೆ. ಮೈಮೇಲೆ ಖಾದಿ. ಮದುವೆಯಿಲ್ಲ, ಆಸ್ತಿಯ ಗೊಡವೆಯಿಲ್ಲ. ಮೇಲೊಬ್ಬ ನೋಡುತ್ತಿದ್ದಾನೆ ಅನ್ನುವ ಅಂಜಿಕೆಯಿಂದ ಬದುಕಿದ ಬದುಕಲ್ಲ ಅದು, ಅಲ್ವಾ?

ಇನ್ನೊಂದು ಕಡೆ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಹಾಕಿದರು, ಓದಿಸಿದರು. ಅವರನ್ನು ಅಷ್ಟು ವರ್ಷ ನಡೆಸಿದ್ದು ನಂಬಿಕೆಯೇ. ಅಲ್ಲ ಅನ್ನುವವರು ಸುಮ್ನೆ ವಾದಕ್ಕೆ ವಾದ ಮಾಡುತ್ತಾರೆ. ಆದರೆ ಹಸಿದ ಮಗುವಿಗೆ ಅನ್ನ ಹಾಕುವುದು ಒಳ್ಳೆಯದು ಅಂತ ಗೊತ್ತಾಗಲು ನಂಬಿಕೆಯೇ ಬೇಕಾ? ದೇವರು ಹೇಳಿದ್ದಕ್ಕೆ ಅದು ಒಳ್ಳೆಯದಾಯಿತೋ, ಒಳ್ಳೆಯದು ಅಂತಲೇ ದೇವರು ಹೇಳಿದನೋ? ಪ್ಲೇಟೊ ಇಂಥದೇ ಪ್ರಶ್ನೆಯನ್ನು ಸಾಕ್ರಟೀಸನ ಬಾಯಲ್ಲಿ ಕೇಳಿಸಿ ಎರಡು ಸಾವಿರ ವರ್ಷದ ಮೇಲಾಯಿತು. ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಕೋರ್ಟುಗಳು ಆ ಜಗಳಕ್ಕೇ ಹೋಗಿಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಬೇಡವೆಂದರೆ ದೇವರ ಹೆಸರೆತ್ತದೆ, ಸತ್ಯವನ್ನೇ ಹೇಳುತ್ತೇನೆ ಅಂತ ಮಾತು ಕೊಟ್ಟರೂ ಸಾಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಬ್ಬರಿಗೂ ಒಂದೇ ಕಾನೂನು.

ಅಜ್ಜಿ ಆಮೇಲೆ ಹಿಡಿದ ಅಂಗಡಿಯಲ್ಲಿ ಯಾವ ದೇವರ ಪಟ ಇತ್ತೋ, ಇರಲೇ ಇಲ್ಲವೋ, ನನಗೆ ನೆನಪಿಲ್ಲ. ಅಲ್ಲಿ ಸೇರನ್ನು ಹೊರಗಿನಿಂದ ಹಿಡಿಯುತ್ತಿದ್ದರು. ಅಳೆದಾದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದರು.